ಡಿಸ್ಕ್ ಇದೆ, ಸರ್ವರ್‌ಗೆ ಮಾತ್ರ ಕಾಣುತ್ತಿಲ್ಲ

ಸರ್ವರ್‌ಗೆ ವಿಂಡೋಸ್ ಹಾಕಲು ಕೂತವರಿಗೆ ಎಲ್ಲ ಸಲೀಸು ಅನ್ನಿಸುವುದು ಮೊದಲ ಮೂರ್ನಾಲ್ಕು ಪರದೆಗಳವರೆಗೆ. ಭಾಷೆ ಆರಿಸಿದ್ದಾಯಿತು, ಕೀ ಕೊಟ್ಟದ್ದಾಯಿತು, ಷರತ್ತುಗಳಿಗೆಲ್ಲ ಓದದೆಯೇ ಒಪ್ಪಿದ್ದಾಯಿತು. ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎಂದು ಕೇಳುವ ಪರದೆ ಬರುತ್ತದೆ, ಪಟ್ಟಿ ಖಾಲಿ. ಯಾವ ಡ್ರೈವೂ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಬೇಕಿದ್ದರೆ ‘ಲೋಡ್ ಡ್ರೈವರ್’ ಒತ್ತಿ ಎಂಬ ಒಂದು ಸಾಲು ಮಾತ್ರ ಕೆಳಗಿದೆ. ಎದುರಿನ ಪೆಟ್ಟಿಗೆಯಲ್ಲಾದರೋ ನಾಲ್ಕು ಡಿಸ್ಕ್‌ಗಳು ಹಸಿರು ದೀಪ ಹೊತ್ತಿಸಿಕೊಂಡು ಕೂತಿವೆ.

ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಡಿಸ್ಕ್‌ಗಳನ್ನು ಹೊರಗೆಳೆದು ಮತ್ತೆ ತೂರಿಸುತ್ತಾರೆ. ಆಮೇಲೆ ಪೆನ್‌ಡ್ರೈವೇ ಸರಿಯಿಲ್ಲವೆಂದು ಇನ್ನೊಂದನ್ನು ತಯಾರಿಸುತ್ತಾರೆ. ಅದೂ ಕೈಕೊಟ್ಟರೆ ರೇಡ್ ಕಾರ್ಡಿನ ಮೆನುವಿಗೆ ಹೊಕ್ಕು ಕಂಡದ್ದನ್ನೆಲ್ಲ ಒತ್ತುತ್ತಾರೆ. ಮೊದಲೆರಡರಿಂದ ಹೊತ್ತು ಹಾಳು, ಕೊನೆಯದರಿಂದ ಡೇಟಾ ಹಾಳು. ‘ಡಿಸ್ಕ್ ಕಾಣುತ್ತಿಲ್ಲ’ ಎಂಬುದು ಅರ್ಧ ದೂರು. ಯಾರಿಗೆ ಕಾಣುತ್ತಿಲ್ಲ ಎಂಬುದು ಅದರ ಉಳಿದರ್ಧ. ಕಾರ್ಡಿಗೇ ಕಾಣುತ್ತಿಲ್ಲವೋ, ಕಾರ್ಡಿಗೆ ಕಂಡರೂ ಬೂಟ್ ಮಾಡುವ ಬಯಾಸ್‌ಗೆ ಕಾಣುತ್ತಿಲ್ಲವೋ, ಅವೆರಡಕ್ಕೂ ಕಂಡು ಆಪರೇಟಿಂಗ್ ಸಿಸ್ಟಮ್ ಒಂದಕ್ಕೇ ಕಾಣುತ್ತಿಲ್ಲವೋ ಎಂದು ಕೆಳಗಿನಿಂದ ಮೇಲಕ್ಕೆ ಒಂದೊಂದೇ ಮೆಟ್ಟಿಲು ನೋಡುತ್ತ ಹೋದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುವ ಸಮಸ್ಯೆ ಇದು.

ಹಲವು ಅಗ್ಗದ ಡಿಸ್ಕ್‌ಗಳನ್ನು ಒಗ್ಗೂಡಿಸಿ ಒಂದು ದುಬಾರಿ ಡಿಸ್ಕಿಗಿಂತ ಚೆನ್ನಾಗಿ ದುಡಿಸಬಹುದೆಂದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ 1988ರಲ್ಲಿ ಒಂದು ಪ್ರಬಂಧದಲ್ಲಿ ವಾದಿಸಿದರು. ರೇಡ್ ಎಂಬ ಹೆಸರು ಅಲ್ಲಿಂದ ಬಂತು. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಿರುವಂತೆ ಮಾಡುವ ರೇಡ್ 1, ರೇಡ್ 5, ರೇಡ್ 6, ರೇಡ್ 10 ಎಂಬ ಬಗೆಗಳ ವಿವರ ಇಲ್ಲಿ ಬೇಕಿಲ್ಲ. ಬೇಕಾದದ್ದು ಇಷ್ಟು: ಹಾರ್ಡ್‌ವೇರ್ ರೇಡ್ ಇರುವ ಸರ್ವರ್‌ನಲ್ಲಿ ಆಪರೇಟಿಂಗ್ ಸಿಸ್ಟಮ್ ಮತ್ತು ಡಿಸ್ಕ್‌ಗಳ ನಡುವೆ ನೇರ ಮಾತುಕತೆಯಿಲ್ಲ. ಮನೆ ಕಟ್ಟಿಸುವವರು ಮೇಸ್ತ್ರಿಯೊಬ್ಬನ ಜತೆ ವ್ಯವಹಾರ ಇಟ್ಟುಕೊಂಡು ಕೂಲಿಯಾಳುಗಳ ಲೆಕ್ಕ ಅವನಿಗೇ ಬಿಡುವ ಹಾಗೆ, ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಮಾತಾಡುವುದು ರೇಡ್ ಕಾರ್ಡಿನ ಜತೆಗೆ. ಕಾರ್ಡು ತನ್ನ ಹಿಂದಿನ ನಾಲ್ಕೋ ಎಂಟೋ ಡಿಸ್ಕ್‌ಗಳನ್ನು ಸೇರಿಸಿ ‘ವರ್ಚುವಲ್ ಡಿಸ್ಕ್’ ಎಂಬ ಒಂದನ್ನು ಮುಂದಿಡುತ್ತದೆ. 4 ಟಿಬಿಯ ಮೂರು ಡಿಸ್ಕ್‌ಗಳಿಂದ ರೇಡ್ 5 ಮಾಡಿದರೆ ಮೇಲಿನವರಿಗೆ ಕಾಣುವುದು 8 ಟಿಬಿಯ ಒಂದೇ ಡಿಸ್ಕ್. ವಿಂಡೋಸ್ ಅದನ್ನು 7.27 ಎಂದು ತೋರಿಸಿದರೆ ಗಾಬರಿ ಬೇಡ. ಅದು ಎಣಿಸುವ ಕ್ರಮ ಬೇರೆ.

ಹೀಗಿರುವಾಗ ಮೊದಲ ಮೆಟ್ಟಿಲು ಯಾವುದೆಂದು ಹೇಳಬೇಕಿಲ್ಲ. ವರ್ಚುವಲ್ ಡಿಸ್ಕನ್ನು ಯಾರಾದರೂ ರಚಿಸಿದ್ದಾರೆಯೇ? ಡಿಸ್ಕ್‌ಗಳನ್ನು ತೂರಿಸಿದ ಮಾತ್ರಕ್ಕೆ ಅದು ತಾನಾಗಿ ಹುಟ್ಟುವುದಿಲ್ಲ. ಡೆಲ್ ಪವರ್‌ಎಡ್ಜ್‌ನ ಹಳೆಯ ಪರ್ಕ್ ಕಾರ್ಡುಗಳಲ್ಲಿ ಯಂತ್ರ ಹೊತ್ತಿಕೊಳ್ಳುವಾಗ ಕಂಟ್ರೋಲ್ ಮತ್ತು ಆರ್ ಒತ್ತಿ ಕಾರ್ಡಿನ ಮೆನುವಿಗೆ ಹೋಗಬೇಕು. ಈಚಿನವುಗಳಲ್ಲಿ ಎಫ್2 ಒತ್ತಿದರೆ ಬರುವ ಸಿಸ್ಟಮ್ ಸೆಟಪ್‌ನ ಡಿವೈಸ್ ಸೆಟ್ಟಿಂಗ್ಸ್‌ನಲ್ಲಿ ಅದೇ ಮೆನು ಇರುತ್ತದೆ. ಎಚ್‌ಪಿಇ ಪ್ರೋಲಿಯಂಟ್‌ನಲ್ಲಿ ಎಫ್9 ಅಥವಾ ಎಫ್10. ಡಿಸ್ಕ್‌ಗಳ ಮುಂದೆ ‘ರೆಡಿ’ ಎಂದೋ ‘ಅನ್‌ಕಾನ್ಫಿಗರ್ಡ್ ಗುಡ್’ ಎಂದೋ ಬರೆದಿದ್ದರೆ ಡಿಸ್ಕ್ ಆರೋಗ್ಯವಾಗಿದೆ, ಇನ್ನೂ ಯಾವ ಗುಂಪಿಗೂ ಸೇರಿಲ್ಲ ಎಂದರ್ಥ. ಖಾಲಿ ಪಟ್ಟಿಯ ದೂರುಗಳಲ್ಲಿ ಹಲವು ಇಲ್ಲೇ ಮುಗಿದುಹೋಗುತ್ತವೆ: ಗುಂಪು ಮಾಡಿ, ರೇಡ್ ಬಗೆ ಆರಿಸಿ, ವರ್ಚುವಲ್ ಡಿಸ್ಕ್ ರಚಿಸಿ, ಮತ್ತೆ ಬೂಟ್ ಮಾಡುವುದು. ಹೊಸ ಡಿಸ್ಕಾದರೆ ಇನಿಶಿಯಲೈಸ್ ಮಾಡುವುದೂ ಒಳ್ಳೆಯದೇ. ಹೊಸದು ಅಲ್ಲವಾದರೆ ಆ ಪದವನ್ನು ಕಂಡಾಗ ಕೈ ಹಿಂದಕ್ಕೆ ಬರಬೇಕು.

‘ಫಾರಿನ್’ ಎಂಬ ಇನ್ನೊಂದು ಸ್ಥಿತಿಯಿದೆ, ಅದನ್ನು ಬಿಡಿಸಿ ಹೇಳಬೇಕು. ರೇಡ್‌ನ ರಚನೆ ಕಾರ್ಡಿನಲ್ಲಿ ಮಾತ್ರವಲ್ಲ, ಪ್ರತಿ ಡಿಸ್ಕಿನ ಒಂದು ಮೂಲೆಯಲ್ಲೂ ಬರೆದಿರುತ್ತದೆ. ಹಾಗಾಗಿ ಕಾರ್ಡ್ ಸುಟ್ಟು ಹೊಸದು ಹಾಕಿದಾಗ, ಅಥವಾ ಒಂದು ಸರ್ವರ್‌ನ ಡಿಸ್ಕ್‌ಗಳನ್ನು ಇನ್ನೊಂದಕ್ಕೆ ಸಾಗಿಸಿದಾಗ, ಹೊಸ ಕಾರ್ಡು ಡಿಸ್ಕ್‌ಗಳಲ್ಲಿ ತಾನು ಬರೆಯದ ರಚನೆಯನ್ನು ಕಂಡು ಅವನ್ನು ಫಾರಿನ್ ಎನ್ನುತ್ತದೆ. ಒಪ್ಪಿಗೆಯಿಲ್ಲದೆ ಮೇಲಕ್ಕೆ ತೋರಿಸುವುದಿಲ್ಲ. ಮೆನುವಿನಲ್ಲಿ ಎರಡು ಆಯ್ಕೆಗಳು ಪಕ್ಕಪಕ್ಕದಲ್ಲೇ ಇರುತ್ತವೆ, ಇಂಪೋರ್ಟ್ ಮತ್ತು ಕ್ಲಿಯರ್. ಹಳೆಯ ಡೇಟಾ ಬೇಕಿದ್ದರೆ ಇಂಪೋರ್ಟ್. ಕ್ಲಿಯರ್ ಒತ್ತಿದರೆ ಡಿಸ್ಕ್‌ಗಳಲ್ಲಿ ಬರೆದಿಟ್ಟ ಆ ರಚನೆಯೇ ಅಳಿಯುತ್ತದೆ. ಡೇಟಾ ಅಲ್ಲೇ ಇದ್ದರೂ ಅದನ್ನು ಜೋಡಿಸುವ ಸೂತ್ರ ಕೈಬಿಟ್ಟಂತೆ. ಹೆಸರು ಪರಕೀಯವಾಗಿದೆ ಎಂದು ಬೆದರಿ ಕ್ಲಿಯರ್ ಒತ್ತಿದವರು ಆಮೇಲೆ ಡೇಟಾ ರಿಕವರಿ ಅಂಗಡಿಗಳ ಮೆಟ್ಟಿಲು ಹತ್ತಿದ್ದಾರೆ. ಇಂಪೋರ್ಟ್ ಮಾಡುವ ಮುನ್ನ ಎಲ್ಲ ಡಿಸ್ಕ್‌ಗಳೂ ಕಾರ್ಡಿಗೆ ಕಾಣುತ್ತಿವೆಯೇ ಎಂದೂ ಎಣಿಸಿಕೊಳ್ಳಬೇಕು. ನಾಲ್ಕರಲ್ಲಿ ಮೂರೇ ಕಾಣುತ್ತಿದ್ದರೆ ಮೊದಲು ನಾಲ್ಕನೆಯದರ ಕೇಬಲ್ಲು, ಬ್ಯಾಕ್‌ಪ್ಲೇನ್.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸೆಕೆಂಡ್ ಹ್ಯಾಂಡ್ ಡಿಸ್ಕ್ ಕೊಂಡು ತರುವವರಿಗೆ ಒಂದು ವಿಚಿತ್ರ ತೊಡಕು ಎದುರಾಗಬಹುದು. ನೆಟ್‌ಆಪ್, ಇಎಂಸಿಯಂಥ ದೊಡ್ಡ ಸ್ಟೋರೇಜ್ ಪೆಟ್ಟಿಗೆಗಳಿಂದ ಕಳಚಿದ ಸ್ಯಾಸ್ ಡಿಸ್ಕ್‌ಗಳ ಸೆಕ್ಟರ್ 512 ಬೈಟ್ ಇರುವ ಬದಲು 520 ಬೈಟ್ ಇರುವುದುಂಟು. ಹೆಚ್ಚುವರಿ 8 ಬೈಟನ್ನು ಆ ಪೆಟ್ಟಿಗೆಗಳು ಡೇಟಾ ಸರಿಯಿದೆಯೇ ಎಂದು ತಾಳೆ ನೋಡಲು ಬಳಸುತ್ತವೆ. ಡಿಸ್ಕಿನ ಮೋಟರ್ ತಿರುಗುತ್ತದೆ, ಮಾಡೆಲ್ ನಂಬರ್ ಕಾಣುತ್ತದೆ, ಗುಂಪಿಗೆ ಸೇರಿಸಲು ಮಾತ್ರ ಬರುವುದಿಲ್ಲ. ರೇಡ್ ಕಾರ್ಡಲ್ಲದ ಸಾದಾ ಎಚ್‌ಬಿಎ ಕಾರ್ಡಿಗೆ ಸಿಕ್ಕಿಸಿ ಲಿನಕ್ಸ್‌ನಲ್ಲಿ ತೆರೆದರೆ, 520ರ ಸೆಕ್ಟರ್‌ಗೆ ಬೆಂಬಲವಿಲ್ಲ ಎಂದು ಕರ್ನೆಲ್ ನೇರವಾಗಿ ಹೇಳಿಬಿಡುತ್ತದೆ. ಎಸ್‌ಜಿ ಫಾರ್ಮ್ಯಾಟ್ ಎಂಬ ಉಚಿತ ಸಲಕರಣೆಯಿಂದ ಅದನ್ನು 512ಕ್ಕೆ ಇಳಿಸಬಹುದು. ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ನಡುವೆ ಕರೆಂಟ್ ಹೋಗಬಾರದು, ಇದ್ದದ್ದೆಲ್ಲ ಅಳಿಯುತ್ತದೆ. ಕೊಳ್ಳುವಾಗಲೇ ಅಂಗಡಿಯಲ್ಲಿ ಸೆಕ್ಟರ್ ಎಷ್ಟೆಂದು ಕೇಳುವುದು ಇದಕ್ಕಿಂತ ಸುಲಭ.

ಕಾರ್ಡಿನ ಮೆನುವಿನಲ್ಲಿ ವರ್ಚುವಲ್ ಡಿಸ್ಕ್ ಇದೆ, ಸ್ಥಿತಿ ‘ಆಪ್ಟಿಮಲ್’. ಹಾಗಿದ್ದರೆ ಎರಡನೇ ಮೆಟ್ಟಿಲು, ಬೂಟ್ ಆಗುವ ಕ್ರಮ. ಹಳೆಯ ಬಯಾಸ್ ಕ್ರಮದಲ್ಲಿ ಬೂಟ್ ಆಗುವ ವಿಂಡೋಸ್‌ಗೆ ಎಂಬಿಆರ್ ಬಗೆಯ ಡಿಸ್ಕ್ ಬೇಕು. ಎಂಬಿಆರ್‌ಗೆ ಸುಮಾರು 2.2 ಟಿಬಿಯ ಆಚೆಗೆ ಎಣಿಸಲು ಬರುವುದಿಲ್ಲ. 8 ಟಿಬಿಯ ಡಿಸ್ಕ್ ಕಂಡರೂ ಮುಕ್ಕಾಲು ಭಾಗ ಲೆಕ್ಕಕ್ಕಿಲ್ಲದೆ ಉಳಿಯುತ್ತದೆ. ಯುಇಎಫ್‌ಐ ಕ್ರಮ ಮತ್ತು ಜಿಪಿಟಿ ಬಗೆ ಆರಿಸಿದರೆ ಈ ಮಿತಿಯಿಲ್ಲ. ಡಿಸ್ಕ್ ಜಿಪಿಟಿಯದಾಗಿದ್ದು ಪೆನ್‌ಡ್ರೈವ್ ಬಯಾಸ್ ಕ್ರಮದಲ್ಲಿ ಬೂಟ್ ಆಗಿದ್ದರೆ, ಡಿಸ್ಕ್ ಪಟ್ಟಿಯಲ್ಲಿ ಕಂಡೂ ಅದರ ಮೇಲೆ ಇನ್‌ಸ್ಟಾಲ್ ಮಾಡಲಾಗದು ಎಂದು ವಿಂಡೋಸ್ ಹಟ ಹಿಡಿಯುತ್ತದೆ. ಯಂತ್ರ ಹಳೆಯದು, ಯುಇಎಫ್‌ಐ ಇಲ್ಲ ಎನ್ನುವವರಿಗೂ ದಾರಿಯಿದೆ: ಅದೇ ಡಿಸ್ಕ್ ಗುಂಪಿನಿಂದ ಎರಡು ವರ್ಚುವಲ್ ಡಿಸ್ಕ್ ಕತ್ತರಿಸಿ, 200 ಜಿಬಿಯಷ್ಟು ಚಿಕ್ಕದನ್ನು ಆಪರೇಟಿಂಗ್ ಸಿಸ್ಟಮ್‌ಗೂ ಮಿಕ್ಕದ್ದನ್ನು ಡೇಟಾಗೂ ಇಡುವುದು. ಡೇಟಾದ ಡಿಸ್ಕ್ ಜಿಪಿಟಿಯಾಗಿದ್ದರೆ ತೊಂದರೆಯಿಲ್ಲ. ಮುಂದೆ ಸಿಸ್ಟಮ್ ಕೆಟ್ಟು ಮತ್ತೆ ಹಾಕುವಾಗಲೂ ಈ ಏರ್ಪಾಡು ಕೈಹಿಡಿಯುತ್ತದೆ.

ಮೂರನೆಯ ಮೆಟ್ಟಿಲಲ್ಲಿ ಡ್ರೈವರ್. ಕಾರ್ಡಿನ ಭಾಷೆ ಆಪರೇಟಿಂಗ್ ಸಿಸ್ಟಮ್‌ಗೆ ಬಾರದಿದ್ದರೆ ಕೆಳಗೆ ಎಲ್ಲ ಸರಿಯಿದ್ದೂ ಮೇಲೆ ಏನೂ ಕಾಣದು. ವಿಂಡೋಸ್ ಸರ್ವರ್ 2003ರ ಕಾಲದವರಿಗೆ ಎಫ್6 ಎಂದರೆ ಈಗಲೂ ಮೈ ಉರಿಯುತ್ತದೆ. ಇನ್‌ಸ್ಟಾಲ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ಆ ಕೀಲಿ ಒತ್ತಿ ಡ್ರೈವರನ್ನು ಫ್ಲಾಪಿಯಿಂದಲೇ ಕೊಡಬೇಕಿತ್ತು, ಫ್ಲಾಪಿ ಡ್ರೈವ್ ಇಲ್ಲದ ಸರ್ವರ್‌ಗಳು ಬಂದ ಮೇಲೂ. 2008ರ ಆವೃತ್ತಿಯಿಂದ ಪೆನ್‌ಡ್ರೈವ್, ಸಿಡಿ ನಡೆಯುತ್ತದೆ.

ಆದರೂ ಎಡವುವವರು ಎಡವುತ್ತಲೇ ಇದ್ದಾರೆ, ಅದೂ ಒಂದೇ ಜಾಗದಲ್ಲಿ. ಕಂಪನಿಯ ತಾಣದಿಂದ ಇಳಿಸಿದ ಡ್ರೈವರ್ ಸಾಮಾನ್ಯವಾಗಿ ಇಎಕ್ಸ್‌ಇ ಕಡತ. ಅದನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿ ತಂದರೆ ಇನ್‌ಸ್ಟಾಲರ್ ಅದರತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೆ ಬೇಕಾದದ್ದು ಒಳಗಿರುವ ಐಎನ್‌ಎಫ್, ಎಸ್‌ವೈಎಸ್ ಮತ್ತು ಸಿಎಟಿ ಕಡತಗಳು. ಬೇರೆ ವಿಂಡೋಸ್ ಕಂಪ್ಯೂಟರಿನಲ್ಲಿ ಆ ಇಎಕ್ಸ್‌ಇ ತೆರೆದು, ಇನ್‌ಸ್ಟಾಲ್ ಬದಲು ‘ಎಕ್ಸ್‌ಟ್ರಾಕ್ಟ್’ ಆರಿಸಿ, ಬಂದ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸಬೇಕು. ಆಮೇಲೆ ಲೋಡ್ ಡ್ರೈವರ್ ಒತ್ತಿ ಆ ಫೋಲ್ಡರ್ ತೋರಿಸುವುದು. ಡ್ರೈವರ್ ಸಿಡಿಯಲ್ಲಿದ್ದರೆ ಕೆಲಸವಾದ ಮೇಲೆ ವಿಂಡೋಸ್ ಸಿಡಿಯನ್ನು ಮತ್ತೆ ಹಾಕಿ ಪಟ್ಟಿಯನ್ನು ರಿಫ್ರೆಶ್ ಮಾಡುವುದನ್ನು ಮರೆಯಬಾರದು. ಮರೆತರೆ ಡಿಸ್ಕ್ ಕಂಡರೂ ಇದರ ಮೇಲೆ ಇನ್‌ಸ್ಟಾಲ್ ಆಗದು ಎಂಬ ಹೊಸ ದೂರು ಎದ್ದು, ಕೂತವರು ಹಳೆಯ ದಾರಿಯಲ್ಲೇ ಮತ್ತೆ ಒಂದು ಸುತ್ತು ಹಾಕುತ್ತಾರೆ.

ಯಾವ ಡ್ರೈವರ್ ಎಂಬ ಪ್ರಶ್ನೆಗೆ ಸರ್ವರ್‌ನ ಮಾಡೆಲ್ ಸಾಲದು, ಕಾರ್ಡಿನ ಮಾಡೆಲ್ ಬೇಕು. ಹುಡುಕುವಾಗ ಹೆಸರುಗಳ ಗೊಂದಲವೂ ಉಂಟು. ಮೆಗಾರೇಡ್ ಕಾರ್ಡುಗಳನ್ನು ಮಾಡುತ್ತಿದ್ದ ಎಲ್‌ಎಸ್‌ಐ ಕಂಪನಿಯನ್ನು 2014ರಲ್ಲಿ ಅವಾಗೊ ಕೊಂಡಿತು. ಅವಾಗೊ 2016ರಲ್ಲಿ ಬ್ರಾಡ್‌ಕಾಮನ್ನು ಕೊಂಡು ಅದರ ಹೆಸರನ್ನೇ ಇಟ್ಟುಕೊಂಡಿತು. ಹೀಗಾಗಿ ಎಲ್‌ಎಸ್‌ಐ ಎಂದು ಮುದ್ರಿಸಿರುವ ಹಳೆಯ ಕಾರ್ಡಿನ ಡ್ರೈವರ್ ಸಿಗುವುದು ಬ್ರಾಡ್‌ಕಾಮ್‌ನಲ್ಲಿ. ಡೆಲ್‌ನ ಪರ್ಕ್ ಕಾರ್ಡುಗಳಲ್ಲಿರುವುದೂ ಬಹುಪಾಲು ಇದೇ ಮನೆತನದ ಚಿಪ್. ಆದರೂ ಡ್ರೈವರನ್ನು ಡೆಲ್‌ನಿಂದ ತೆಗೆದುಕೊಳ್ಳುವುದೇ ಕ್ಷೇಮ.

ಈ ಓಡಾಟ ತಪ್ಪಿಸಲು ಡೆಲ್ ಸರ್ವರ್‌ಗಳಲ್ಲಿ ಲೈಫ್‌ಸೈಕಲ್ ಕಂಟ್ರೋಲರ್ ಎಂಬ ವ್ಯವಸ್ಥೆಯಿದೆ. ಎಫ್10 ಒತ್ತಿ, ಓಎಸ್ ಡಿಪ್ಲಾಯ್‌ಮೆಂಟ್‌ನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಹಾಕಲಿದ್ದೇವೆಂದು ಹೇಳಿದರೆ, ಅದಕ್ಕೆ ಬೇಕಾದ ಡ್ರೈವರ್‌ಗಳನ್ನು ಓಇಎಂಡಿಆರ್‌ವಿ ಎಂಬ ಹೆಸರಿನ ತಾತ್ಕಾಲಿಕ ಡ್ರೈವ್‌ನಲ್ಲಿ ತೆರೆದಿಡುತ್ತದೆ. ಅದು 18 ಗಂಟೆ ಇದ್ದು ಮಾಯವಾಗುತ್ತದೆ. ಎಚ್‌ಪಿಇಯ ಇಂಟೆಲಿಜೆಂಟ್ ಪ್ರಾವಿಷನಿಂಗ್ ಮಾಡುವುದೂ ಹೆಚ್ಚುಕಡಿಮೆ ಇಂಥದೇ ಕೆಲಸ. ಸರ್ವರ್ ಕೊಂಡವರಲ್ಲಿ ಅರ್ಧಕ್ಕರ್ಧ ಜನ ಈ ಮೆನುಗಳನ್ನು ತೆರೆದೇ ನೋಡಿರುವುದಿಲ್ಲ ಅನ್ನಿಸುತ್ತದೆ. ಒಂದೇ ಬಗೆಯ ಹತ್ತಾರು ಸರ್ವರ್ ನಿಲ್ಲಿಸುವವರು ಡಿಸ್ಮ್ ಎಂಬ ಮೈಕ್ರೋಸಾಫ್ಟ್‌ನದೇ ಸಲಕರಣೆಯಿಂದ ಡ್ರೈವರನ್ನು ಇನ್‌ಸ್ಟಾಲರ್‌ನ ಬೂಟ್ ಡಾಟ್ ವಿಮ್ ಕಡತಕ್ಕೇ ಸೇರಿಸಿಟ್ಟುಕೊಳ್ಳಬಹುದು. ಆ ಕಡತದಲ್ಲಿ ಎರಡು ಇಮೇಜ್‌ಗಳಿದ್ದು ಸೆಟಪ್ ನಡೆಯುವುದು ಎರಡನೆಯದರಲ್ಲಿ. ಮೊದಲನೆಯದಕ್ಕೆ ಮಾತ್ರ ಸೇರಿಸಿದರೆ ಏನೂ ಬದಲಾಗುವುದಿಲ್ಲ.

ಇದನ್ನೆಲ್ಲ ದುಡ್ಡು ಖರ್ಚಿಲ್ಲದೆ ಅಭ್ಯಾಸ ಮಾಡಬಯಸುವವರು ಪ್ರಾಕ್ಸ್‌ಮಾಕ್ಸ್ ಅಥವಾ ಕೆವಿಎಂನಲ್ಲಿ ಒಂದು ವರ್ಚುವಲ್ ಯಂತ್ರ ಮಾಡಿ, ಡಿಸ್ಕಿನ ಬಗೆ ವರ್ಟ್‌ಐಓ ಎಂದು ಕೊಟ್ಟು, ವಿಂಡೋಸ್ ಸರ್ವರ್ ಹಾಕಲು ನೋಡಲಿ. ಅದೇ ಖಾಲಿ ಪಟ್ಟಿ ಬರುತ್ತದೆ, ಏಕೆಂದರೆ ವಿಂಡೋಸ್‌ನಲ್ಲಿ ಆ ಡ್ರೈವರ್ ಇರುವುದಿಲ್ಲ. ವರ್ಟ್‌ಐಓ-ವಿನ್ ಎಂಬ ಐಎಸ್‌ಒ ಸೇರಿಸಿ ಒಳಗಿನ ಫೋಲ್ಡರ್‌ಗಳಲ್ಲಿ ಸರಿಯಾದುದನ್ನು ಆರಿಸಿಕೊಳ್ಳುವುದೇ ಪಾಠ. ಹನ್ನೊಂದನೇ ತಲೆಮಾರಿನ ಇಂಟೆಲ್ ಚಿಪ್ ಇರುವ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಹಾಕುವಾಗ ಡಿಸ್ಕ್ ಸಿಗದೆ ಪರದಾಡಿದವರೂ ಇದೇ ರೋಗವನ್ನು ಕಂಡವರೇ. ಅಲ್ಲಿ ವಿಎಂಡಿ ಎಂಬ ಏರ್ಪಾಡಿನ ಹಿಂದೆ ಡಿಸ್ಕ್ ಅಡಗಿರುತ್ತದೆ.

ಇನ್‌ಸ್ಟಾಲ್ ಆದ ಮೇಲೆ ಡೇಟಾ ಡಿಸ್ಕ್ ಮಾತ್ರ ಮೈ ಕಂಪ್ಯೂಟರ್‌ನಲ್ಲಿ ಕಾಣದಿದ್ದರೆ ಡ್ರೈವರ್ ಹುಡುಕಬೇಕಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಅದು ‘ಆಫ್‌ಲೈನ್’ ಎಂದು ಕೂತಿರಬಹುದು. ಹಲವು ಸರ್ವರ್‌ಗಳು ಹಂಚಿಕೊಳ್ಳುವ ಡಿಸ್ಕ್ ಇರಬಹುದೆಂಬ ಶಂಕೆಯಿಂದ ವಿಂಡೋಸ್ ಸರ್ವರ್ ಕೆಲವನ್ನು ತಾನಾಗಿ ಆನ್‌ಲೈನ್ ಮಾಡುವುದಿಲ್ಲ. ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಎಂದರೆ ಸಾಕು.

ಲಿನಕ್ಸ್‌ನ ಕತೆ ಬೇರೆ. ಅಲ್ಲಿ ಡ್ರೈವರ್‌ಗಳು ಬಹುಮಟ್ಟಿಗೆ ಕರ್ನೆಲ್‌ನ ಜತೆಗೇ ಬರುತ್ತವೆ: ಪರ್ಕ್ ಮತ್ತು ಮೆಗಾರೇಡ್‌ಗೆ ಮೆಗಾರೇಡ್-ಸ್ಯಾಸ್, ಎಚ್‌ಪಿಇಯ ಹಳೆಯ ಸ್ಮಾರ್ಟ್ ಅರೇಗಳಿಗೆ ಎಚ್‌ಪಿಎಸ್‌ಎ, ಜೆನ್10ರ ಕಾರ್ಡುಗಳಿಗೆ ಸ್ಮಾರ್ಟ್‌ಪಿಕ್ಯೂಐ. ಹಾಗಾಗಿ ಹೊಸ ಕಾರ್ಡಿಗೆ ಹಳೆಯ ಲಿನಕ್ಸ್ ಹಾಕಿದರೆ ಡಿಸ್ಕ್ ಕಾಣದಿರುವುದು ಸಹಜ. ಹಳೆಯ ಕಾರ್ಡಿಗೆ ಹೊಸ ಲಿನಕ್ಸ್ ಹಾಕಿದಾಗಲೂ ಕಾಣದಿರಬಹುದು ಎಂಬುದು ಹಲವರಿಗೆ ಗೊತ್ತಾದದ್ದು 2019ರಲ್ಲಿ. ಆ ವರ್ಷ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8, ಡೆಲ್‌ನ ಪರ್ಕ್ 5, ಪರ್ಕ್ 6, ಎಚ್700ನಂಥ ಕಾರ್ಡುಗಳ ಗುರುತನ್ನು ಮೆಗಾರೇಡ್-ಸ್ಯಾಸ್ ಡ್ರೈವರ್‌ನಿಂದ ಕಿತ್ತುಹಾಕಿತು. ಡ್ರೈವರ್ ಇದೆ, ಆದರೆ ಈ ಕಾರ್ಡು ತನ್ನದೆಂದು ಒಪ್ಪುವುದಿಲ್ಲ. ಪವರ್‌ಎಡ್ಜ್ ಆರ್710ರಂಥ ಗಟ್ಟಿಮುಟ್ಟಾದ ಯಂತ್ರಗಳಲ್ಲಿ, ರೆಡ್ ಹ್ಯಾಟ್ ಆಕರದಿಂದಲೇ ಕಟ್ಟಿದ ಸೆಂಟ್‌ಓಎಸ್ 7 ತೆಗೆದು 8 ಹಾಕಲು ಹೊರಟವರು ಹೀಗೆ ಬೇಸ್ತು ಬಿದ್ದರು.

ಇಂಥಲ್ಲಿ ಇನ್‌ಸ್ಟಾಲರ್ ನಡುವೆಯೇ ಕಂಟ್ರೋಲ್, ಆಲ್ಟ್ ಮತ್ತು ಎಫ್2 ಒತ್ತಿ ಕಮಾಂಡ್ ಪರದೆಗೆ ಹೋಗಿ, ಎಲ್‌ಎಸ್‌ಪಿಸಿಐ ಆಜ್ಞೆಯನ್ನು ಕೆ ಆಯ್ಕೆಯ ಜತೆ ಕೊಟ್ಟು ನೋಡಬೇಕು. ಕಾರ್ಡಿನ ಹೆಸರು ಬಂದು ಅದರ ಕೆಳಗೆ ‘ಬಳಕೆಯಲ್ಲಿರುವ ಡ್ರೈವರ್’ ಎಂಬ ಸಾಲು ಬರದಿದ್ದರೆ ರೋಗ ಪತ್ತೆಯಾದಂತೆ. ಮದ್ದು ಇಎಲ್‌ರೆಪೊ ಎಂಬ ಸಮುದಾಯದವರು ಕೊಡುವ ಡ್ರೈವರ್ ಡಿಸ್ಕ್. ಅದನ್ನು ಓಇಎಂಡಿಆರ್‌ವಿ ಎಂದು ಲೇಬಲ್ ಕೊಟ್ಟ ಪೆನ್‌ಡ್ರೈವ್‌ಗೆ ಹಾಕಿದರೆ ಇನ್‌ಸ್ಟಾಲರ್ ತಾನಾಗಿ ಎತ್ತಿಕೊಳ್ಳುತ್ತದೆ. ಇಲ್ಲವೇ ಬೂಟ್ ಸಾಲಿಗೆ ಇನ್‌ಸ್ಟ್ ಡಾಟ್ ಡಿಡಿ ಎಂದು ಸೇರಿಸಿ ಕೈಯಾರೆ ಕೊಡಬಹುದು. ಇದಕ್ಕೆ ಒಂದು ಬಾಲವಿದೆ: ಮುಂದೆ ಕರ್ನೆಲ್ ಅಪ್‌ಡೇಟ್ ಆದಾಗ ಹೊಂದುವ ಡ್ರೈವರ್ ಇಲ್ಲದಿದ್ದರೆ ಸರ್ವರ್ ಬೂಟ್ ಆಗದೆ ನಿಲ್ಲುತ್ತದೆ. ಅದಕ್ಕೇ ಹಳೆಯ ಕರ್ನೆಲ್ಲನ್ನು ಮೆನುವಿನಲ್ಲಿ ಉಳಿಸಿಕೊಂಡಿರಬೇಕು. ಈ ತಾಪತ್ರಯವೇ ಬೇಡ ಎನ್ನುವವರು ಡೆಬಿಯನ್‌ಗೆ ಹೋಗಬಹುದು, ಅಥವಾ ರೆಡ್ ಹ್ಯಾಟ್ ಕೈಬಿಟ್ಟ ಹಲವು ಕಾರ್ಡುಗಳಿಗೆ 2024ರ 9.4 ಆವೃತ್ತಿಯಲ್ಲಿ ಮತ್ತೆ ಬೆಂಬಲ ಕೊಟ್ಟ ಅಲ್ಮಾಲಿನಕ್ಸ್ ನೋಡಬಹುದು. ವಿಎಂವೇರ್ ಬಳಸುವವರಿಗೆ ಇಂಥದೇ ಪೆಟ್ಟು 2020ರ ಇಎಸ್‌ಎಕ್ಸ್‌ಐ 7ರಲ್ಲಿ ಬಿತ್ತು. ಹಳೆಯ ವಿಎಂಕೆಲಿನಕ್ಸ್ ಬಗೆಯ ಡ್ರೈವರ್‌ಗಳು ಅದರಲ್ಲಿ ನಡೆಯುವುದಿಲ್ಲ.

ಇನ್ನು, ಡಿಸ್ಕ್ ಕಾಣದಿರುವುದಕ್ಕಿಂತ ಅಪಾಯಕಾರಿಯಾದದ್ದು ಹೆಚ್ಚಾಗಿ ಕಾಣುವುದು. ಎರಡು ಡಿಸ್ಕ್‌ಗಳನ್ನು ಮಿರರ್ ಮಾಡಿದ್ದರೂ ಇನ್‌ಸ್ಟಾಲರ್ ಎರಡನ್ನೂ ಬೇರೆಬೇರೆಯಾಗಿ ತೋರಿಸಿದರೆ, ಅಲ್ಲಿರುವುದು ಹಾರ್ಡ್‌ವೇರ್ ರೇಡ್ ಅಲ್ಲ, ಮದರ್‌ಬೋರ್ಡಿನ ಸಾಫ್ಟ್‌ವೇರ್ ರೇಡ್. ಕಡಿಮೆ ಬೆಲೆಯ ಸರ್ವರ್‌ಗಳಲ್ಲಿ ಇದು ಮಾಮೂಲು: ಡೆಲ್‌ನ ಪರ್ಕ್ ಎಸ್ ಸರಣಿ, ಎಚ್‌ಪಿಇಯ ಎಸ್100ಐ. ಒಗ್ಗೂಡಿಸುವ ಕೆಲಸವನ್ನು ಡ್ರೈವರೇ ಮಾಡುವುದರಿಂದ ಅದಿಲ್ಲದೆ ಮಿರರ್ ಇಲ್ಲ. ಹೇಗೂ ಕಂಡಿತಲ್ಲ ಎಂದು ಒಂದರ ಮೇಲೆ ಇನ್‌ಸ್ಟಾಲ್ ಮಾಡಿದವರು ಎರಡು ಡಿಸ್ಕಿಗೆ ದುಡ್ಡು ಕೊಟ್ಟು ಒಂದರ ಭರವಸೆಯಲ್ಲಿ ಬದುಕುತ್ತಾರೆ, ಅದೂ ತಿಳಿಯದೆ. ಎಸ್100ಐ ಯುಇಎಫ್‌ಐ ಕ್ರಮದಲ್ಲಿ ಮಾತ್ರ ನಡೆಯುತ್ತದೆ, ವಿಂಡೋಸ್‌ಗೆ ಮಾತ್ರ ಇದೆ. ಲಿನಕ್ಸ್ ಹಾಕುವುದಾದರೆ ಬಯಾಸ್‌ನಲ್ಲಿ ಎಎಚ್‌ಸಿಐ ಆರಿಸಿ, ಲಿನಕ್ಸ್‌ನದೇ ಎಂಡಿಎಡಿಎಂನಿಂದ ರೇಡ್ ಕಟ್ಟುವುದು ಸರಿಯಾದ ದಾರಿ. ನಿಜ ಹೇಳಬೇಕೆಂದರೆ, ಸಣ್ಣ ಕಚೇರಿಯ ಎರಡು ಡಿಸ್ಕಿನ ಮಿರರ್‌ಗೆ ಎಂಡಿಎಡಿಎಂ ಈ ಮದರ್‌ಬೋರ್ಡ್ ರೇಡ್‌ಗಳಿಗಿಂತ ಎಷ್ಟೋ ಮೇಲು. ಬೋರ್ಡ್ ಸುಟ್ಟರೂ ಡಿಸ್ಕ್‌ಗಳನ್ನು ಯಾವ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೂ ಜೋಡಿಸಿಕೊಳ್ಳಬಹುದು.

ವರ್ಷಗಟ್ಟಲೆ ಓಡಿದ ಸರ್ವರ್ ಒಂದು ಬೆಳಗ್ಗೆ ಡಿಸ್ಕ್ ಇಲ್ಲವೆಂದರೆ ಮೊದಲ ಶಂಕೆ ಬಯಾಸ್ ಸೆಟ್ಟಿಂಗ್ ಮೇಲೆ. ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ ಸತ್ತು ಕರೆಂಟೂ ಹೋದರೆ ಸೆಟ್ಟಿಂಗ್ ಮೂಲಸ್ಥಿತಿಗೆ ಮರಳಿ, ರೇಡ್ ಎಂದಿದ್ದದ್ದು ಎಎಚ್‌ಸಿಐ ಆಗಿರಬಹುದು. ಆಗ ವಿಂಡೋಸ್ ನೀಲಿ ಪರದೆ ತೋರಿಸಿ, ಬೂಟ್ ಡಿಸ್ಕ್ ಕೈಗೆ ಸಿಗುತ್ತಿಲ್ಲ ಎಂದು ನಿಲ್ಲುತ್ತದೆ. ಸೆಟ್ಟಿಂಗನ್ನು ಹಿಂದಿನಂತೆ ಮಾಡಿದರೆ ಅಷ್ಟಕ್ಕೇ ಸರಿಹೋಗುವ ಸಾಧ್ಯತೆ ಹೆಚ್ಚು. ರಿಪೇರಿ, ಫಾರ್ಮ್ಯಾಟ್, ಇನಿಶಿಯಲೈಸ್ ಯಾವುದಕ್ಕೂ ಅದಕ್ಕೆ ಮೊದಲು ಕೈಹಾಕಬಾರದು. ಡಿಸ್ಕೇ ಕೆಟ್ಟ ಸೂಚನೆಯಿದ್ದು ಬ್ಯಾಕಪ್ ಇಲ್ಲದಿದ್ದರೆ, ಪ್ರತಿ ಡಿಸ್ಕನ್ನೂ ಬೇರೆ ಡಿಸ್ಕಿಗೆ ಡಿಡಿರೆಸ್ಕ್ಯೂನಿಂದ ಯಥಾವತ್ತಾಗಿ ನಕಲಿಸಿಕೊಂಡು ನಕಲಿನ ಮೇಲೆ ಪ್ರಯೋಗ ಮಾಡುವುದು ಒಳ್ಳೆಯದು.

ಸರ್ವರ್ ಚೆನ್ನಾಗಿರುವಾಗಲೇ ಮಾಡಬಹುದಾದ ಕೆಲಸವೂ ಒಂದಿದೆ. ಕಾರ್ಡಿನ ಮಾಡೆಲ್ ಮತ್ತು ಫರ್ಮ್‌ವೇರ್ ಆವೃತ್ತಿ, ರೇಡ್ ಬಗೆ, ಸ್ಟ್ರೈಪ್ ಅಳತೆ, ಯಾವ ಸ್ಲಾಟಿನಲ್ಲಿ ಯಾವ ಸೀರಿಯಲ್ ನಂಬರಿನ ಡಿಸ್ಕ್, ಬೂಟ್ ಕ್ರಮ ಬಯಾಸೋ ಯುಇಎಫ್‌ಐಯೋ ಎಂಬುದನ್ನು ಕಾರ್ಡಿನ ಮೆನುವಿನಿಂದಲೇ ಫೋನಿನಲ್ಲಿ ಫೋಟೊ ತೆಗೆದು ಮುದ್ರಿಸಿ, ಬಿಡಿಸಿಟ್ಟ ಡ್ರೈವರ್ ಇರುವ ಪೆನ್‌ಡ್ರೈವ್ ಜತೆ ಒಂದು ಲಕೋಟೆಯಲ್ಲಿ ಹಾಕಿಡುವುದು. ಕಂಪನಿಯ ಸಪೋರ್ಟ್‌ಗೆ ಫೋನ್ ಮಾಡಿದಾಗ ಮೊದಲು ಕೇಳುವುದೂ ಇವನ್ನೇ. ಬಹಳಷ್ಟು ಕಚೇರಿಗಳಲ್ಲಿ ಈ ವಿವರ ಇರುವುದೇನೋ ನಿಜ, ಆದರೆ ಒಂದು ಎಕ್ಸೆಲ್ ಕಡತದಲ್ಲಿ. ಆ ಕಡತ ಇರುವುದು ಅದೇ ಸರ್ವರ್‌ನಲ್ಲಿ.